ಆ ಟ್ಯಾಂಕಿಗೆ ತುಕ್ಕು ಹಿಡಿಯೋಕೆ ಟೈಮೆಲ್ಲಿತ್ತು?

ಅಸಲ್ ಉತ್ತರ್ ಯುದ್ಧದ ಬಗ್ಗೆ ನಾವೊಂದು ವಿಶೇಷ ಕಾರ್ಯಕ್ರಮ ಮಾಡಿದ್ದೆವು. ಪರದೆಯ ತುಂಬ ಗ್ರಾಫಿಕ್ಸ್. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಸಾಲಾಗಿ ಬಿದ್ದಿವೆ, ಮೈಯೆಲ್ಲ ಕೆಂಪು ತುಕ್ಕು, ಒಂದೊಂದರಲ್ಲೂ ಬಕೆಟ್ ಗಾತ್ರದ ತೂತು. ನನಗಂತೂ ಬಹಳ ಚೆನ್ನಾಗಿ ಕಂಡಿತ್ತು. ಕಾರ್ಯಕ್ರಮ ಮುಗಿದು ಮೇಕಪ್ ಒರೆಸಿಕೊಳ್ಳುವಷ್ಟರಲ್ಲಿ ಜೋಗುಪಾಳ್ಯದಿಂದ ಒಂದು ಫೋನ್. "ಯುದ್ಧ ನಡೆದಿದ್ದು ಮೂರು ದಿನ. ಮೂರು ದಿನದಲ್ಲಿ ಆ ಪಾಟಿ ತುಕ್ಕು ಹೆಂಗಪ್ಪಾ ಹಿಡೀತು?"

ಫೋನ್ ಮಾಡಿದವರು ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಮಹಡಿ ಮೇಲಿನ ಪುಟ್ಟ ಕೋಣೆ, ಕಿಟಕಿ ಪಕ್ಕ ಮೇಜು, ಮೇಜಿನ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಟ್ಯಾಂಕುಗಳು. ಎಲ್ಲವೂ 1:35 ಅಳತೆಯವು. ಈ ವಿಚಿತ್ರ ಅಳತೆ ಹುಟ್ಟಿದ್ದು ಜಪಾನಿನ ಟಾಮಿಯಾ ಕಂಪನಿಯಲ್ಲಿ, 1960ರ ದಶಕದ ಆರಂಭದಲ್ಲಿ. ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯೊಳಗೆ ಬ್ಯಾಟರಿ, ಮೋಟರ್ ಕೂರಬೇಕಿತ್ತು. ಅದು ಕೂರುವಷ್ಟು ದೊಡ್ಡದು ಮಾಡಿದಾಗ ಬಂದ ಅಳತೆ ಇದು. ಆಮೇಲೆ ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು!

ತುಕ್ಕು ಬರಿಸುವ ವಿಧಾನ ತೋರಿಸಿದರು. ಮೊದಲು ಮೈಗೆ ತುಕ್ಕಿನ ಕಂದು ಬಣ್ಣ. ಅದು ಒಣಗಿದ ಮೇಲೆ ಹೇರ್‌ಸ್ಪ್ರೇ, ಹೌದು, ಹೆಣ್ಣುಮಕ್ಕಳು ಕೂದಲಿಗೆ ಹೊಡೆಯುತ್ತಾರಲ್ಲ, ಅದೇ. ಅದರ ಮೇಲೆ ಸೇನೆಯ ಹಸಿರು. ಆಮೇಲೆ ನೀರಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿದರೆ ಒಳಗಿನ ಹೇರ್‌ಸ್ಪ್ರೇ ಕರಗಿ ಹಸಿರು ಚಕ್ಕೆ ಚಕ್ಕೆಯಾಗಿ ಏಳುತ್ತೆ, ಕೆಳಗಿನ ಕಂದು ಇಣುಕುತ್ತೆ. ನೋಡೋಕೆ ಮಜಾ. "ಮಜಾ ಅಂತಾನೇ ಎಲ್ಲರೂ ಜಾಸ್ತಿ ಉಜ್ತಾರೆ" ಅಂದರು ಹಿರಿಯರು. 1:35ರಲ್ಲಿ ಒಂದು ಮಿಲಿಮೀಟರ್ ಚಕ್ಕೆ ಎದ್ದರೆ ನಿಜವಾದ ಟ್ಯಾಂಕಿನಲ್ಲಿ ಅದು 35 ಮಿಲಿಮೀಟರ್.

ಈಗ ಇತಿಹಾಸಕ್ಕೆ ಬರೋಣ. 1965ರ ಸೆಪ್ಟೆಂಬರ್ 8ರಿಂದ 10. ಪಂಜಾಬಿನ ಖೇಮಕರಣ್ ಹತ್ತಿರ ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ ನುಗ್ಗಿ ಬಂತು. ಎದುರಿಗಿದ್ದದ್ದು ನಮ್ಮ 4ನೇ ಮೌಂಟನ್ ಡಿವಿಷನ್. ಜೊತೆಗೆ 3 ಕ್ಯಾವಲ್ರಿಯ ಸೆಂಚುರಿಯನ್‌ಗಳು, ಡೆಕ್ಕನ್ ಹಾರ್ಸ್‌ನ ಹಳೇ ಶೆರ್ಮನ್‌ಗಳು. ನಮ್ಮವರು ಕಬ್ಬಿನ ಗದ್ದೆಗಳ ನಡುವೆ ಅಡಗಿ ಕೂತರು, ಹೊಲಗಳಿಗೆ ನೀರು ಬಿಟ್ಟರು. ಅಮೆರಿಕದ ಹೆಮ್ಮೆಯ ಪ್ಯಾಟನ್‌ಗಳು ಕೆಸರಲ್ಲಿ ಹೂತವು. ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಕಳೆದುಕೊಂಡಿದ್ದು 97 ಟ್ಯಾಂಕು. ಅದರಲ್ಲಿ ಎಷ್ಟೋ ಟ್ಯಾಂಕುಗಳಿಗೆ ದೊಡ್ಡ ಏಟೇ ಬಿದ್ದಿರಲಿಲ್ಲ. ಸಿಬ್ಬಂದಿ ಬಿಟ್ಟು ಓಡಿದ್ದರು. ಅವನ್ನೆಲ್ಲ ತಂದು ಭಿಖಿವಿಂಡ್‌ನಲ್ಲಿ ನಿಲ್ಲಿಸಿದಾಗ ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಂತು.

ಅಂದಮೇಲೆ ಅಸಲ್ ಉತ್ತರ್‌ನ ಪ್ಯಾಟನ್ ಮೇಲೆ ಏನಿರಬೇಕು? ಕೆಸರು! ಚಕ್ರಗಳು ಮುಚ್ಚುವಷ್ಟು ಕೆಸರು, ತೆರೆದ ಮುಚ್ಚಳ, ಖಾಲಿ ಸೀಟು. ನಾವು ತುಕ್ಕು ಬಳಿದರೆ ಏನು ಹೇಳಿದ ಹಾಗಾಯ್ತು? ಹಳೇ ಗುಜರಿ ಟ್ಯಾಂಕುಗಳ ಮೇಲೆ ಗೆದ್ದರು ಅಂತ. ಅಲ್ಲಾ ಸ್ವಾಮಿ, ಪಾಕಿಸ್ತಾನದ ಹತ್ತಿರ ಇದ್ದ ಅತ್ಯುತ್ತಮ ಟ್ಯಾಂಕುಗಳವು. ಹಳೇದು ಇದ್ದದ್ದು ನಮ್ಮ ಶೆರ್ಮನ್, ಎರಡನೇ ಮಹಾಯುದ್ಧದ್ದು. ನನ್ನ ಗ್ರಾಫಿಕ್ಸ್ ಆ ಮೂರು ದಿನದ ಸಾಹಸವನ್ನು ಗುಜರಿ ಅಂಗಡಿಗೆ ತಂದು ನಿಲ್ಲಿಸಿತ್ತು.

ಇಂಜಿನಿಯರಿಂಗ್ ಓದಿದವನು ನಾನು. ಕಬ್ಬಿಣಕ್ಕೆ ನೀರು, ಆಮ್ಲಜನಕ ಎರಡೂ ಸಿಗಬೇಕು, ಆಗಲೇ ತುಕ್ಕು ಅಂತ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಬಣ್ಣ ಇರುವ ತನಕ ಎರಡಕ್ಕೂ ತಡೆ. ಟ್ಯಾಂಕಿನ ಚೈನು ಮಾತ್ರ ಬರೀ ಲೋಹ, ಒಂದು ರಾತ್ರಿಯ ಇಬ್ಬನಿಗೇ ಕಂದಾಗುತ್ತೆ, ಬೆಳಿಗ್ಗೆ ಓಡಿದರೆ ಮತ್ತೆ ಹೊಳೆಯುತ್ತೆ. ಬೆಂಕಿ ಬಿದ್ದ ಟ್ಯಾಂಕಿನ ಕಥೆ ಬೇರೆ. ಬಣ್ಣ ಸುಟ್ಟು ಬೂದಿ, ಚಕ್ರದ ರಬ್ಬರ್ ಕರಗಿ ಇಡೀ ಟ್ಯಾಂಕೇ ಸ್ವಲ್ಪ ಕುಸಿದು ಕೂರುತ್ತೆ, ಬರಿಮೈ ಉಕ್ಕಿನ ಮೇಲೆ ತುಕ್ಕು ಬೇಗ ಬರುತ್ತೆ. ಇನ್ನು ಪಾಕ್ ಸೇನೆಯಲ್ಲಿದ್ದ ಎಂ-113 ಗಾಡಿಯ ಮೈ ಅಲ್ಯೂಮಿನಿಯಂನದು. ಅದಕ್ಕೆ ಕೆಂಪು ತುಕ್ಕು ಬಳಿದವರನ್ನೂ ನೋಡಿದ್ದೇನೆ ಅಂತ ಹಿರಿಯರು ನಕ್ಕರು.

ತೂತಿನ ವಿಷಯಕ್ಕೂ ಬೈಸಿಕೊಂಡೆ. 4 ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಜೀಪಿನ ಮೇಲೆ ಕಟ್ಟಿದ ರಿಕಾಯ್ಲ್‌ಲೆಸ್ ಗನ್‌ನಿಂದ ಪ್ಯಾಟನ್‌ಗಳನ್ನು ಹೊಡೆದು, 10ನೇ ತಾರೀಕು ತಾವೂ ಮಡಿದರು. ಮರಣೋತ್ತರ ಪರಮವೀರ ಚಕ್ರ ಬಂತು. ಆ ಗನ್ನಿಗೆ 106 ಅಂತ ಹೆಸರು, ಬಾಯಿ ಮಾತ್ರ 105 ಮಿಲಿಮೀಟರ್. 35ರಿಂದ ಭಾಗಿಸಿ, 3 ಮಿಲಿಮೀಟರ್. ಇಂಥ ಗುಂಡಿನ ಬಿಸಿ ಚಿಮ್ಮು ಉಕ್ಕು ಕೊರೆದು ಮಾಡುವ ತೂತು ಗುಂಡಿಗಿಂತಲೂ ಸಣ್ಣದು. ಅಂದರೆ ಈ ಮಾದರಿಯಲ್ಲಿ ಅದು ಗುಂಡುಸೂಜಿಯ ತಲೆ ಅಷ್ಟೇ. ಅಷ್ಟು ಸಣ್ಣ ತೂತು ಮಾಡೋಕೆ ಒಬ್ಬ ಮನುಷ್ಯ ಬರೀ ಜೀಪಿನಲ್ಲಿ ಕೂತು ಟ್ಯಾಂಕಿನ ಎದುರು ಹೋಗಿದ್ದ. ಬಕೆಟ್ ಗಾತ್ರದ ತೂತಿನಲ್ಲಿ ಇದು ಕಾಣೋದಿಲ್ಲ.

ನಮ್ಮ ಊರೂರಿನ ಸ್ಮಾರಕಗಳಲ್ಲಿ ಇದರ ಉಲ್ಟಾ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲೂ ಒಂದು ಟ್ಯಾಂಕಿದೆ, ದೇಶದ ಕಂಟೋನ್ಮೆಂಟುಗಳಲ್ಲಿ ಸೆರೆಸಿಕ್ಕ ಪ್ಯಾಟನ್‌ಗಳಿವೆ. ಹೊರಗೆ ನಿಂತ ಉಕ್ಕಿಗೆ ಬಣ್ಣ ಬೇಕೇ ಬೇಕು, ತಪ್ಪಲ್ಲ. ಆದರೆ ಕೋಟಿನ ಮೇಲೆ ಕೋಟು ಬಿದ್ದು ಗೀರು, ಕಲೆ ಎಲ್ಲ ಮುಚ್ಚಿಹೋಗುತ್ತೆ. ಜೋಗುಪಾಳ್ಯದ ಮೇಜಿನ ಮೇಲೆ ಎರಡು ಪ್ಯಾಟನ್ ಇದ್ದವು. ಒಂದು 10ನೇ ತಾರೀಕಿನ ಸಂಜೆಯದು, ಕೆಸರಲ್ಲಿ ಅರ್ಧ ಹೂತದ್ದು. ಇನ್ನೊಂದು ಯಾವುದೋ ಗೇಟಿನ ಪಕ್ಕ ನಿಂತದ್ದು, ಹೊಸ ಹಸಿರಲ್ಲಿ ಮಿರಮಿರ ಮಿಂಚುತ್ತಿತ್ತು. ಗೋಪುರದ ಒಂದು ಬದಿಯಲ್ಲಿ ಮಾತ್ರ ಸಣ್ಣ ತೇಪೆ. ಬೆರಳಿಟ್ಟು ಸವರಿದರಷ್ಟೇ ಗೊತ್ತಾಗುತ್ತಿತ್ತು.

ಮರುವರ್ಷ ಗ್ರಾಫಿಕ್ಸ್ ಬದಲಾಯಿಸಿದೆವು. ತುಕ್ಕು ತೆಗೆದೆವು, ತೂತು ಚಿಕ್ಕದು ಮಾಡಿದೆವು, ಕೆಸರು ಹಾಕಿದೆವು. ಫೋನ್ ಬಂದೇ ಬಂತು.

"ಕೆಸರು ಸರಿ. ಆದ್ರೆ ಆ ಕೆಂಪು ಮಣ್ಣು ನಮ್ಮೂರಿಂದು. ಪಂಜಾಬಿಂದು ಬೂದು ಬಣ್ಣ ಕಣಪ್ಪಾ."