ಕವಣೆ, ಕೊಡಲಿ, ಫೋರ್‌ಹ್ಯಾಂಡ್

ಇವತ್ತು ರಾಜಕೀಯಕ್ಕೆ ರಜೆ. ಯಾದಗಿರಿ ಸೀಮೆಯ ರಾಮಸಮುದ್ರದ ಕಡೆ, ಜೋಳದ ಹೊಲಕ್ಕೆ ಹೋಗೋಣ ಬನ್ನಿ. ತೆನೆ ಹಾಲುಗಟ್ಟಿದಾಗ ಹಕ್ಕಿ ಕಾಯೋಕೆ ಮಂಚಿಕೆ ಹತ್ತಿದ ಹುಡುಗ ಕವಣೆ ಬೀಸೋದನ್ನ ನೋಡಿದೀರಾ? ಮೊದಲು ಕಾಲು ಊರ್ತಾನೆ. ಸೊಂಟ ತಿರುಗುತ್ತೆ. ಆಮೇಲೆ ಭುಜ, ಕೊನೆಗೆ ಕೈ. ಕಲ್ಲು ಹೊಲದಾಚೆ! ತೋಳು ನೋಡಿದರೆ ಜೋಳದ ದಂಟಿನಷ್ಟು ತೆಳ್ಳಗೆ. ಹಾಗಾದರೆ ಆ ಬಲ ಎಲ್ಲಿಂದ ಬಂತು?

ಟೆನಿಸ್‌ನ ಫೋರ್‌ಹ್ಯಾಂಡ್ ಹೊಡೆತದ ಇತಿಹಾಸವೂ ಇದೇ ಪ್ರಶ್ನೆಯ ಸುತ್ತ ಸುತ್ತುತ್ತೆ.

ವಿಂಬಲ್ಡನ್ ಶುರುವಾಗಿದ್ದು 1877ರಲ್ಲಿ. ಅಲ್ಲಿಂದ ಸುಮಾರು ನೂರು ವರ್ಷ ಬಹುತೇಕ ಆಟಗಾರರ ಕೈಯಲ್ಲಿದ್ದದ್ದು ಮರದ ರಾಕೆಟ್. ಭಾರ ಜಾಸ್ತಿ, ತಲೆ ಚಿಕ್ಕದು. ಪಕ್ಕಕ್ಕೆ ತಿರುಗಿ, ಒಂದು ಕಾಲು ಮುಂದಿಟ್ಟು, ಚೆಂಡನ್ನ ನೇರವಾಗಿ ಹೊಡೆಯೋದು ಆಗಿನ ಪಾಠ. ಕೋರ್ಟಿನ ಉದ್ದ 78 ಅಡಿ, ನಡುವೆ 3 ಅಡಿ ಎತ್ತರದ ನೆಟ್. ಅದನ್ನ ದಾಟಿಸಬೇಕು, ಗೆರೆಯೊಳಗೂ ಬೀಳಿಸಬೇಕು. ಬಲ ಹೆಚ್ಚಾದರೆ ಚೆಂಡು ಹೊರಗೆ. ಹೀಗಾಗಿ ಶಕ್ತಿ ಇದ್ದವರೂ ಕೈ ಬಿಗಿ ಹಿಡಿದೇ ಆಡಬೇಕಿತ್ತು.

1970ರ ದಶಕದಲ್ಲಿ ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಈ ಲೆಕ್ಕ ಬದಲಿಸಿದರು. ಅವರ ಕೈಯಲ್ಲೂ ಮರದ ರಾಕೆಟ್ಟೇ. ಆದರೆ ಅಂಗೈಯನ್ನ ಹಿಡಿಯ ಅಡಿಗೆ ತಂದು, ಕೆಳಗಿಂದ ಮೇಲಕ್ಕೆ ಚೆಂಡನ್ನ ಉಜ್ಜಿದಂತೆ ಬೀಸಿದರು. ಇದೇ ಟಾಪ್‌ಸ್ಪಿನ್. ಹೀಗೆ ಮುಂದಕ್ಕೆ ಉರುಳುತ್ತ ಹಾರುವ ಚೆಂಡಿನ ಮೇಲೆ ಗಾಳಿಯ ಒತ್ತಡ ಹೆಚ್ಚು, ಕೆಳಗೆ ಕಡಿಮೆ. ಗಾಳಿಯೇ ಅದನ್ನ ನೆಲಕ್ಕೆ ತಳ್ಳುತ್ತೆ. ಎಂಜಿನಿಯರಿಂಗ್ ಕ್ಲಾಸಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಅಂತಾರೆ. ಈಗ ಎಷ್ಟು ಜೋರಾಗಿ ಹೊಡೆದರೂ ಚೆಂಡು ಗೆರೆಯೊಳಗೆ ಇಳಿಯೋಕೆ ದಾರಿ ಸಿಕ್ತು. 1976ರಿಂದ 1980ರವರೆಗೆ ಸತತ 5 ವಿಂಬಲ್ಡನ್ ಬೋರ್ಗ್ ಪಾಲಾಯ್ತು.

ಆಮೇಲೆ ಹಗುರವಾದ, ದೊಡ್ಡ ತಲೆಯ ಗ್ರಾಫೈಟ್ ರಾಕೆಟ್ ಬಂತು. 1997ರಲ್ಲಿ ವಿಶ್ವ ಶ್ರೇಯಾಂಕದಲ್ಲಿ 66ನೇ ಸ್ಥಾನದಲ್ಲಿದ್ದ ಬ್ರೆಜಿಲ್‌ನ ಗುಸ್ತಾವೊ ಕುರ್ಟೆನ್ ಪಾಲಿಯೆಸ್ಟರ್ ತಂತಿಯ ರಾಕೆಟ್ ಹಿಡಿದು ಫ್ರೆಂಚ್ ಓಪನ್ ಗೆದ್ದರು. ಆ ತಂತಿ ಪಕ್ಕಕ್ಕೆ ಜಾರಿ, ತಟ್ಟನೆ ವಾಪಸ್ ಬಂದು, ಚೆಂಡನ್ನ ಇನ್ನಷ್ಟು ತಿರುಗಿಸುತ್ತೆ. ಮುಂದೆ ನಡಾಲ್ ಫೋರ್‌ಹ್ಯಾಂಡನ್ನ ಹೈಸ್ಪೀಡ್ ಕ್ಯಾಮೆರಾದಲ್ಲಿ ಅಳೆದಾಗ ಸಿಕ್ಕಿದ್ದು ನಿಮಿಷಕ್ಕೆ ಸರಾಸರಿ 3,200 ಸುತ್ತು!

ಹಾಗಂತ ಎಲ್ಲ ಸಾಮಾನಿನ ಮಹಿಮೆ ಅಂದ್ಕೋಬೇಡಿ. ಚೆಂಡು ತಂತಿಗೆ ತಾಗಿರೋದು ಒಂದು ಸೆಕೆಂಡಿನ ಸುಮಾರು 200ನೇ ಒಂದು ಭಾಗ ಮಾತ್ರ. ಆ ಹೊತ್ತಿಗೆ ರಾಕೆಟ್ ವೇಗದಲ್ಲಿರಬೇಕು. ಆ ವೇಗ ಹುಟ್ಟೋದು ನೆಲದಿಂದ. ಮೊಣಕಾಲು ಬಾಗಿ ನೆಲ ಒತ್ತುತ್ತೆ, ಸೊಂಟ ತಿರುಗಿ ಎದೆಯನ್ನ ಎಳೆಯುತ್ತೆ, ಎದೆ ಭುಜವನ್ನ, ಭುಜ ತೋಳನ್ನ. ಸಡಿಲವಾಗಿರೋ ಮಣಿಕಟ್ಟು ಕವಣೆಯ ಹಗ್ಗದ ಹಾಗೆ ಕೊನೆಗೆ ಹಿಂಬಾಲಿಸುತ್ತೆ. ಒಂದು ಕೊಂಡಿ ತಪ್ಪಿದರೂ ಇಡೀ ಭಾರ ತೋಳಿನ ಮೇಲೆ. ಮೊಣಕೈ ನೋವು ಶುರುವಾಗೋದು ಅಲ್ಲೇ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನೇ ನೋಡಿ. ಸರ್ವ್‌ಗೂ ಫೋರ್‌ಹ್ಯಾಂಡಿಗೂ ಬಲದ ಸರಪಳಿ ಒಂದೇ. ಹುಡುಗನಿದ್ದಾಗ ಸರ್ವ್ ಗಟ್ಟಿಯಾಗಲಿ ಅಂತ ಸೌದೆ ಒಡೆದಿದ್ದು, ಕಾಫಿ ತೋಟದಲ್ಲಿ ಓಡಿದ್ದನ್ನ 2025ರಲ್ಲಿ ನಿವೃತ್ತಿ ಹೇಳುವಾಗ ಅವರೇ ನೆನೆದರು. ಕೊಡಲಿ ಎತ್ತಿ ಇಳಿಸುವವನಿಗೆ ಗೊತ್ತು, ಬರೀ ತೋಳಿಂದ ಹೊಡೆದರೆ ಹತ್ತು ಏಟಿಗೆ ಸುಸ್ತು. ಮೊಣಕಾಲಿನ ಮೃದ್ವಸ್ಥಿ ಸವೆದ ಮೇಲೂ ಅಯ್ಯಂಗಾರ್ ಯೋಗ ಮಾಡಿ ಅವರು ಆಟಕ್ಕೆ ನಿಂತರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ 1 ಆದರು. ಆ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ನಮ್ಮ ಕನ್ನಡ ನಾಡಿನವರು.

ಈಗ ಮತ್ತೆ ಮಂಚಿಕೆ ಹತ್ತಿರ ಬನ್ನಿ. ಫೋರ್‌ಹ್ಯಾಂಡಿನ ಅರ್ಧ ಪಾಠ ಆ ಹುಡುಗನ ಮೈಗೆ ಆಗಲೇ ಗೊತ್ತು. ಯಾರೂ ಹೇಳಿಕೊಟ್ಟಿಲ್ಲ, ಹೊಲ ಕಲಿಸಿದೆ. ಉಳಿದರ್ಧಕ್ಕೆ ಬೇಕಾದದ್ದು ಒಂದು ಸಮತಟ್ಟಾದ ಅಂಕಣ, ಒಂದು ರಾಕೆಟ್, ತಿದ್ದೋಕೆ ಒಬ್ಬ ಗುರು. ಅದನ್ನ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಮಾತ್ರ ಇಟ್ಟುಕೊಂಡು, ‘ಕಲ್ಯಾಣ ಕರ್ನಾಟಕದಲ್ಲಿ ಟೆನಿಸ್ ಪ್ರತಿಭೆ ಇಲ್ಲ’ ಅಂದರೆ ತಪ್ಪು ಯಾರದ್ದು? ಕವಣೆ ಹಿಡಿದ ಕೈಯದ್ದಂತೂ ಅಲ್ಲ.