ಬೀದಿನಾಯಿಗಳಿಗೆ ಕಡಿಮೆ ವೆಚ್ಚದ ಪಶುವೈದ್ಯ ಸೇವೆ: ದಾವಣಗೆರೆ ನಗರ ಮತ್ತು ಹರಿಹರ ಗಡಿ ಪ್ರದೇಶದ ಸಾರ್ವಜನಿಕರಿಗೆ ಮಾಹಿತಿ

ಹರಿಹರದ ಬಳಿ ತುಂಗಭದ್ರಾ ನದಿಯು ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳ ಗಡಿಯಾಗಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಇದೇ ನದಿಯು ಮೈಸೂರು ಮತ್ತು ಮುಂಬಯಿ ರಾಜ್ಯಗಳ ಗಡಿಯಾಗಿತ್ತು. ಸೇತುವೆಯ ಈಚೆಗೆ ಹರಿಹರ ನಗರಸಭೆಯ ವ್ಯಾಪ್ತಿ, ಆಚೆಗೆ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಬೀದಿನಾಯಿಗಳು ಈ ಗಡಿಯನ್ನು ಅರಿಯವು. ಸೇತುವೆಯ ಬಳಿ ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಯನ್ನು ಯಾವ ಆಸ್ಪತ್ರೆಗೆ ಒಯ್ಯಬೇಕು, ವೆಚ್ಚವೆಷ್ಟು, ಗುಣವಾದ ಬಳಿಕ ಎಲ್ಲಿ ಬಿಡಬೇಕು ಎಂಬ ಬಗ್ಗೆ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮೊದಲು ತಿಳಿಯಬೇಕಾದ ಅಂಶವೆಂದರೆ, ಚಿಕಿತ್ಸೆಗೆ ಜಿಲ್ಲಾ ಗಡಿ ಅಡ್ಡಿಯಲ್ಲ. ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ ಮತ್ತು ಮರಳಿ ಬಿಡುವ ವಿಷಯದಲ್ಲಿ ಮಾತ್ರ ಸ್ಥಳೀಯ ಸಂಸ್ಥೆಯ ಗಡಿ ಮುಖ್ಯವಾಗುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅನೇಕರು ಕಚೇರಿಯಿಂದ ಕಚೇರಿಗೆ ಅಲೆಯುವಂತಾಗುತ್ತದೆ.

ಚಿಕಿತ್ಸೆ ಪಡೆಯುವ ವಿಧಾನ

ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳಲ್ಲಿ ಬೀದಿನಾಯಿಗಳಿಗೂ ಚಿಕಿತ್ಸೆ ಪಡೆಯಬಹುದಾಗಿದೆ. ಹರಿಹರದವರು ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯನ್ನೂ, ಮೂಳೆ ಮುರಿತ ಮುಂತಾದ ತಜ್ಞ ಸೇವೆಯ ಅಗತ್ಯವಿದ್ದಲ್ಲಿ ಸುಮಾರು 14 ಕಿ.ಮೀ. ದೂರದ ದಾವಣಗೆರೆಯ ಜಿಲ್ಲಾ ಮಟ್ಟದ ಪಶು ಆಸ್ಪತ್ರೆಯನ್ನೂ ಸಂಪರ್ಕಿಸಬಹುದು. ಇದಕ್ಕೂ ಮೀರಿದ ಪ್ರಕರಣಗಳಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ನಾಯಿಯನ್ನು ಕರೆತಂದವರ ಹೆಸರಿನಲ್ಲಿ ಹೊರರೋಗಿ ಚೀಟಿ ಮಾಡಲಾಗುವುದು. ಹಾಗೆ ಹೆಸರು ಬರೆಸಿದ ಮಾತ್ರಕ್ಕೆ ಅವರು ನಾಯಿಯ ಮಾಲೀಕರಾಗುವುದಿಲ್ಲ. ಈ ಅಂಜಿಕೆಯಿಂದ ಹಲವರು ಆಸ್ಪತ್ರೆಯ ಬಾಗಿಲಿನಿಂದಲೇ ಹಿಂದಿರುಗುವುದುಂಟು.

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಹೆಚ್ಚಾಗುವುದು ಸಾಮಾನ್ಯವಾಗಿ ಶುಲ್ಕದಿಂದಲ್ಲ. ದಾಸ್ತಾನಿನಲ್ಲಿಲ್ಲದ ಔಷಧವನ್ನು ಹೊರಗೆ ಖರೀದಿಸುವುದರಿಂದ ಮತ್ತು ಆಟೋ ಬಾಡಿಗೆಯಿಂದ. ಉದಾಹರಣೆಗೆ, ಬೀದಿನಾಯಿಗಳ ಜನನಾಂಗದಲ್ಲಿ ಕಂಡುಬರುವ, ಸಂಪರ್ಕದಿಂದ ಹರಡುವ ಗೆಡ್ಡೆಗೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಹಲವು ವಾರ ನೀಡಬೇಕಾಗುತ್ತದೆ. ರಕ್ತ ಸುರಿಯುವುದು ನಿಂತಿತೆಂದು ಎರಡನೆಯ ವಾರದಲ್ಲೇ ಚಿಕಿತ್ಸೆ ಬಿಟ್ಟರೆ ಗೆಡ್ಡೆ ಮರಳಿ ಬೆಳೆಯುತ್ತದೆ, ಅದುವರೆಗಿನ ವೆಚ್ಚವೂ ವ್ಯರ್ಥವಾಗುತ್ತದೆ. ಆದುದರಿಂದ ಒಟ್ಟು ಎಷ್ಟು ಬಾರಿ ಬರಬೇಕಾದೀತು ಎಂಬುದನ್ನು ಮೊದಲ ದಿನವೇ ವೈದ್ಯಾಧಿಕಾರಿಗಳಿಂದ ಕೇಳಿ ತಿಳಿದು, ಓಣಿಯ ಇಬ್ಬರು ಮೂವರು ಹೊಣೆ ಹಂಚಿಕೊಳ್ಳುವುದು ಸೂಕ್ತ.

ನಾಯಿಯನ್ನು ಸಾಗಿಸಲು ಸಾಧ್ಯವಾಗದಿದ್ದಲ್ಲಿ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಈ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವುದರಿಂದ ವಾಹನ ಬರಲು ತಡವಾಗಬಹುದು. ಕರೆ ಮಾಡುವವರು ಯಾವ ದಡ, ಯಾವ ಊರು, ಸಮೀಪದ ಗುರುತು ಯಾವುದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. “ಹರಿಹರ ಸೇತುವೆ” ಎಂದಷ್ಟೇ ಹೇಳಿದರೆ ಸಾಲದು. ಅದಕ್ಕೆ ಎರಡು ಜಿಲ್ಲೆಗಳ ತುದಿಗಳಿವೆ.

ವಾಹನ ಬರುವವರೆಗೆ ಹುಳ ಬಿದ್ದ ಗಾಯಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಫಿನಾಯಿಲ್ ಸುರಿಯಬಾರದು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಬಾರದು. ಐಬುಪ್ರೊಫೇನ್ ನಾಯಿಗಳಿಗೆ ವಿಷವಾಗುತ್ತದೆ. ನೋವಿನಲ್ಲಿರುವ ನಾಯಿ, ದಿನವೂ ಅನ್ನ ಹಾಕುವವರನ್ನೂ ಕಚ್ಚಬಹುದು. ದಪ್ಪ ಗೋಣಿಚೀಲ ಅಥವಾ ಕಂಬಳಿಯಲ್ಲಿ ಸುತ್ತಿ ಎತ್ತುವುದು ಕ್ಷೇಮಕರ.

ಸಂತಾನಶಕ್ತಿ ಹರಣ ಮತ್ತು ಮರಳಿ ಬಿಡುವುದು

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ (ಇವು 2001ರ ನಿಯಮಗಳ ಬದಲಿಗೆ ಬಂದವು) ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಹಾಗೂ ರೇಬಿಸ್ ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಅರ್ಜಿಯನ್ನು ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಗೂ, ಹರಿಹರದಲ್ಲಿ ನಗರಸಭೆಗೂ, ನದಿಯ ಆಚೆ ಅಲ್ಲಿನ ಸ್ಥಳೀಯ ಸಂಸ್ಥೆಗೂ ಸಲ್ಲಿಸಬೇಕು. ಅರ್ಜಿಯಲ್ಲಿ ನಾಯಿಗಳ ಸಂಖ್ಯೆ, ಗಂಡು ಹೆಣ್ಣು ವಿವರ, ಅವು ಸಾಮಾನ್ಯವಾಗಿ ಇರುವ ಸ್ಥಳ, ಕಿವಿಯಲ್ಲಿ ಕತ್ತರಿಸಿದ ಗುರುತು ಇದೆಯೇ ಇಲ್ಲವೇ ಎಂಬುದನ್ನು ಬರೆದು, ಸ್ವೀಕೃತಿ ಪಡೆಯತಕ್ಕದ್ದು. ಕಿವಿಯ ಗುರುತಿದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಆರು ತಿಂಗಳೊಳಗಿನ ಮರಿಗಳನ್ನು ಈ ಶಸ್ತ್ರಚಿಕಿತ್ಸೆಗಾಗಿ ಹಿಡಿಯುವಂತಿಲ್ಲ.

ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂಬುದು ನಿಯಮ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ ಇದನ್ನೇ ಹೇಳಿ, ರೇಬಿಸ್ ಶಂಕಿತ ಮತ್ತು ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿತು. ಅದೇ ವರ್ಷದ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡಬಾರದೆಂದು ನಿರ್ದೇಶಿಸಿತು. ಖಾಸಗಿಯಾಗಿ ಚಿಕಿತ್ಸೆ ಕೊಡಿಸಿದವರೂ ಹಿಡಿದ ಸ್ಥಳವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಉತ್ತಮ. ಹರಿಹರದ ನಾಯಿಯನ್ನು ಆಚೆ ದಡದಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಅದನ್ನು ಕಚ್ಚಿ ಓಡಿಸುತ್ತವೆ, ಹೊಲಿಗೆ ಬಿಚ್ಚುತ್ತದೆ. ಅದನ್ನು ಬಲ್ಲವರು ಯಾರೂ ಅಲ್ಲಿರುವುದಿಲ್ಲ. ಲಸಿಕೆಯಾದ ನಾಯಿ ತನ್ನ ಓಣಿಯಲ್ಲಿದ್ದರೆ ಆ ಓಣಿಗೂ ರಕ್ಷಣೆ.

ರೇಬಿಸ್ ಬಗ್ಗೆ ಎಚ್ಚರಿಕೆ

ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುತ್ತವೆ. ಓಣಿಯ ನಾಯಿಗಳಿಗೆ ಕಡಿಮೆ ಖರ್ಚಿನಲ್ಲಿ ಲಸಿಕೆ ಹಾಕಿಸಲು ಇದು ಒಳ್ಳೆಯ ಅವಕಾಶ. ಜೊಲ್ಲು ಸುರಿಸುತ್ತ, ದವಡೆ ಜೋತುಬಿದ್ದು, ಗುರಿಯಿಲ್ಲದೆ ಅಲೆಯುತ್ತ ಸಿಕ್ಕದ್ದನ್ನೆಲ್ಲ ಕಚ್ಚುವ ನಾಯಿಯನ್ನು ಯಾರೂ ಹಿಡಿಯಲು ಹೋಗಬಾರದು. ತಕ್ಷಣ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ಅತ್ಯಂತ ಅಪಾಯಕರ.

ಕಚ್ಚಿದಲ್ಲಿ ಅಥವಾ ಗಾಯಕ್ಕೆ ಜೊಲ್ಲು ತಾಗಿದಲ್ಲಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅಂದೇ ಹರಿಹರದ ತಾಲ್ಲೂಕು ಆಸ್ಪತ್ರೆಗೆ ಅಥವಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬಾರದು. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಚಿಕಿತ್ಸೆಯಿಲ್ಲ. ಬೀದಿನಾಯಿಗಳನ್ನು ಪದೇ ಪದೇ ಆಸ್ಪತ್ರೆಗೆ ಒಯ್ಯುವವರು ವೈದ್ಯರ ಸಲಹೆಯಂತೆ ಮುಂಜಾಗ್ರತಾ ಲಸಿಕೆಯನ್ನು ಮೊದಲೇ ಪಡೆದಿರಬೇಕು.

ನಾಯಿಗಳಿಗೆ ವಿಷವಿಕ್ಕುವುದು, ಹೊಡೆದು ಅಂಗಹೀನಗೊಳಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹಾಗೂ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅಪರಾಧವಾಗಿದ್ದು, ಘಟನೆ ನಡೆದ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ಪಶು ಆಸ್ಪತ್ರೆಯ ಸೇವೆಯ ಬಗ್ಗೆ ಅಹವಾಲು ಇದ್ದಲ್ಲಿ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ, ನಂತರ ದಾವಣಗೆರೆಯ ಉಪನಿರ್ದೇಶಕರಿಗೆ ಚೀಟಿಯ ಪ್ರತಿಯೊಂದಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ.