ಒಂದೇ ಬೀದಿಯ ಎರಡು ಡೇರೆಗಳು

ವ್ಯಾಪಾರದಲ್ಲಿ ಸ್ಪರ್ಧೆ ತಾನಾಗಿ ಬರುತ್ತದೆ, ಸಹಕಾರವನ್ನು ಕಲಿಯಬೇಕಾಗುತ್ತದೆ. ಒಂದೇ ಸರಕನ್ನು ಮಾರುವ ಇಬ್ಬರು ಅಕ್ಕಪಕ್ಕದಲ್ಲಿ ಕುಳಿತರೆ ಒಬ್ಬನ ಗಿರಾಕಿಯ ಮೇಲೆ ಇನ್ನೊಬ್ಬನ ಕಣ್ಣು ಬೀಳುವುದು ಲೋಕರೂಢಿ. ಆದರೆ ಹಾಗೆ ಕುಳಿತವರೇ ಕಾಲಕ್ರಮದಲ್ಲಿ ತಮ್ಮ ಊರಿನ ಹೆಸರನ್ನು ಒಂದು ರುಚಿಯ ಹೆಸರನ್ನಾಗಿ ಮಾಡಿದ ನಿದರ್ಶನವೊಂದು ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿದೆ. ಊರು ಲೆಕ್ಸಿಂಗ್ಟನ್. ಸುಮಾರು 20,000 ಜನವಸತಿಯ, ಡೇವಿಡ್‌ಸನ್ ಕೌಂಟಿಯ ಆಡಳಿತ ಕೇಂದ್ರ. ನಾನು ಆ ಊರನ್ನು ಕಂಡವನಲ್ಲ, ಅಲ್ಲಿನ ಅಡುಗೆಯನ್ನು ಉಂಡವನೂ ಅಲ್ಲ. ಪದಗಳ ಬೆನ್ನುಹತ್ತಿ ಹೋಗುವ ಅಭ್ಯಾಸವೇ ನನ್ನನ್ನು ಅಲ್ಲಿಗೆ ಒಯ್ದಿತು.

ಆ ಪದ 'ಬಾರ್ಬೆಕ್ಯೂ'. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಕೋಲುಗಳನ್ನು ಹೆಣೆದು ಕಟ್ಟುತ್ತಿದ್ದ ಅಟ್ಟದ ಹೆಸರು ಸ್ಪೇನಿನವರ ಬಾಯಲ್ಲಿ 'ಬಾರ್ಬಕೋವಾ' ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದಿತು. ಕೆಂಡದ ಮೇಲೆ, ನಿಧಾನವಾಗಿ, ಹೊಗೆಯ ಸಂಗದಲ್ಲಿ ಮಾಂಸ ಬೇಯಿಸುವ ಕ್ರಮಕ್ಕೆ ಈ ಹೆಸರು ನಿಂತಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಕೆಲಸದ ಭಾರವನ್ನು ಬಹುಮಟ್ಟಿಗೆ ಹೊತ್ತವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಸಂತತಿಯವರು. ಹೊಂಡ ತೋಡಿ, ಸೌದೆ ಉರಿಸಿ, ಇರುಳೆಲ್ಲ ಕೆಂಡ ಕಾಯ್ದ ಆ ಕೈಗಳಲ್ಲಿ ಹೆಚ್ಚಿನವುಗಳ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಮುಂದೆ ನಾನು ಹೆಸರಿಸುವ ವ್ಯಾಪಾರಿಗಳು ಬಿಳಿಯರು. ಅವರ ಕಥೆ ಹೇಳುವಾಗ ಆ ಹೆಸರಿಲ್ಲದವರ ಋಣವನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ.

ಲೆಕ್ಸಿಂಗ್ಟನ್ನಿನ ಕಥೆ ಆರಂಭವಾಗುವುದು ನ್ಯಾಯಾಲಯದ ಎದುರಿಗೆ. ಕೋರ್ಟು ಕೂಡುವ ವಾರಗಳಲ್ಲಿ ಸುತ್ತಲ ಹಳ್ಳಿಗಳ ಕಕ್ಷಿದಾರರು, ಸಾಕ್ಷಿಗಳು, ವಕೀಲರು ಅಲ್ಲಿ ನೆರೆಯುತ್ತಿದ್ದರು. ಜನ ಸೇರಿದಲ್ಲಿ ಹಸಿವೂ ಸೇರುತ್ತದೆ. 1919ರಲ್ಲಿ ಸಿಡ್ ವೀವರ್ ಎಂಬಾತ ಅಲ್ಲೊಂದು ಡೇರೆ ಹಾಕಿ ಬಾರ್ಬೆಕ್ಯೂ ಮಾರತೊಡಗಿದ. ಹೆಚ್ಚು ಕಾಲ ಕಳೆಯುವುದರೊಳಗೆ ಜೆಸ್ ಸ್ವೈಸ್‌ಗುಡ್ ಎಂಬ ಇನ್ನೊಬ್ಬ ತನ್ನ ಡೇರೆಯನ್ನು ಅದೇ ಬೀದಿಯಲ್ಲಿ ಎಬ್ಬಿಸಿದ. ಇಬ್ಬರೂ ಪ್ರತಿಸ್ಪರ್ಧಿಗಳೇ, ಆದರೆ ಒಬ್ಬನಿಂದ ಇನ್ನೊಬ್ಬನು ಮುಳುಗಲಿಲ್ಲ. ಡೇರೆಗಳು ಹೋಗಿ ಅಂಗಡಿಗಳು ಬಂದುವು.

ಕಸುಬು ಹರಡಿದ ಬಗೆಯೂ ಗಮನಿಸತಕ್ಕದ್ದು. ಸ್ವೈಸ್‌ಗುಡ್‌ನ ಬಳಿ ಕೆಲಸ ಕಲಿತ ಹುಡುಗರಲ್ಲಿ ವಾರ್ನರ್ ಸ್ಟೇಮಿ ಒಬ್ಬ. ಆತ ಬೇರೆ ಊರಿಗೆ ಹೋಗಿ ಅಂಗಡಿ ನಡೆಸಿ, ಅಲ್ಲಿ ಇತರರಿಗೂ ವಿದ್ಯೆ ಹೇಳಿಕೊಟ್ಟು, 1938ರಲ್ಲಿ ಮರಳಿ ಬಂದು ಗುರುವಿನ ಅಂಗಡಿಯನ್ನೇ 300 ಡಾಲರಿಗೆ ಕೊಂಡ. ಇಂದಿನ ಶಿಷ್ಯ ನಾಳಿನ ಪ್ರತಿಸ್ಪರ್ಧಿಯೆಂದು ತಿಳಿದೂ ಕಲಿಸಿದವರು ಇವರು. ಅಂಗಡಿಗಳು ಹೆಚ್ಚಿದರೂ ರುಚಿಯ ಮನೆತನ ಒಂದೇ ಆಗಿ ಉಳಿದದ್ದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಆ ಮನೆತನದ ಲಕ್ಷಣಗಳು ಸ್ಪಷ್ಟ. ರಾಜ್ಯದ ಪೂರ್ವ ಭಾಗದವರು ಇಡೀ ಹಂದಿಯನ್ನು ಬೇಯಿಸಿದರೆ, ಇವರು ಹೆಗಲಿನ ಮಾಂಸವನ್ನು ಮಾತ್ರ ಆರಿಸುತ್ತಾರೆ. ಇಟ್ಟಿಗೆಯ ಒಲೆಯಲ್ಲಿ ಹಿಕರಿ ಮರದ ಕೆಂಡ. ಅದರ ಮೇಲೆ ಒಂಬತ್ತು ಹತ್ತು ಗಂಟೆಗಳ ಕಾಲ ಬೇಯಬೇಕು. ಪೂರ್ವದವರ ಸಾರು ವಿನಿಗರ್ ಮತ್ತು ಮೆಣಸಿನದು. ಇವರದರಲ್ಲಿ ಟೊಮೆಟೊ ಸೇರಿ ಕೆಂಪು ಬಂದಿದೆ. ಇದಕ್ಕೆ 'ಡಿಪ್' ಎಂದು ಹೆಸರು. ಹೆಚ್ಚಿದ ಎಲೆಕೋಸಿಗೂ ಇದನ್ನೇ ಕಲಸುತ್ತಾರೆ. ಒಂದೊಂದು ಅಂಗಡಿಯವರಿಗೂ ತಮ್ಮ ಹದವೇ ಹದ. ಆದರೂ ಹೊರಗಿನವನಿಗೆ ಎಲ್ಲವೂ ಲೆಕ್ಸಿಂಗ್ಟನ್ನಿನ ಹದವೇ.

ಊರು ಬೆಳೆದದ್ದು ಪೀಠೋಪಕರಣ ಮತ್ತು ಬಟ್ಟೆಯ ಕಾರ್ಖಾನೆಗಳಿಂದ. ಈ ಶತಮಾನದ ಆರಂಭದಲ್ಲಿ ಆ ಉದ್ಯಮಗಳು ಹೊರದೇಶಗಳಿಗೆ ಸರಿದು, ಅನೇಕ ಕಾರ್ಖಾನೆಗಳು ಬಾಗಿಲು ಮುಚ್ಚಿದುವು. ಅದೃಷ್ಟವಶಾತ್, ಆ ಸಂಕಟಕ್ಕೆ ಮುಂಚೆಯೇ ಊರು ಒಂದು ಒಳ್ಳೆಯ ಅಭ್ಯಾಸವನ್ನು ಹಿಡಿದಿತ್ತು. 1984ರ ಅಕ್ಟೋಬರಿನಲ್ಲಿ ಸ್ಥಳೀಯ ಪತ್ರಿಕೆಯ ಪ್ರಕಾಶಕ ಜೋ ಸಿಂಕ್ ಅವರ ಉತ್ಸಾಹದಿಂದ ಬಾರ್ಬೆಕ್ಯೂ ಹಬ್ಬ ನಡೆಯಿತು. ಮುಖ್ಯಬೀದಿಯಲ್ಲಿ ವಾಹನಗಳನ್ನು ನಿಲ್ಲಿಸಿ, ಊರಿನ ಅಂಗಡಿಯವರು ಒಟ್ಟಾಗಿ ಉಣಬಡಿಸಿದರು. ಮೊದಲ ವರ್ಷವೇ ಸುಮಾರು 30,000 ಜನ ಸೇರಿದರು; ಮುಂದಿನ ವರ್ಷಗಳಲ್ಲಿ ಅದು ಲಕ್ಷವನ್ನು ಮೀರಿತು. ಊರಿನ ಜನಸಂಖ್ಯೆಯ ಹಲವು ಪಟ್ಟು! ಒಬ್ಬೊಬ್ಬ ಅಂಗಡಿಕಾರನು ತನ್ನಷ್ಟಕ್ಕೆ ಕರೆದಿದ್ದರೆ ಇಷ್ಟು ಜನ ಬರುತ್ತಿದ್ದರೆ?

2006ರಲ್ಲಿ ಸ್ಥಾಪಿತವಾದ ಉತ್ತರ ಕ್ಯಾರೊಲೈನಾ ಬಾರ್ಬೆಕ್ಯೂ ಸಂಘವು ಇದೇ ವಿಚಾರವನ್ನು ರಾಜ್ಯದಗಲಕ್ಕೂ ಹಿಗ್ಗಿಸಿತು. ದೂರದೂರದ ಹಳೆಯ ಅಂಗಡಿಗಳನ್ನು ಹೆಣೆದು ಯಾತ್ರಿಕರಿಗೆ ಒಂದು ದಾರಿಯನ್ನು ತೋರಿಸಿತು. ಆ ಸಾಲಿಗೆ ಸೇರಬೇಕಾದರೆ ಸೌದೆ ಅಥವಾ ಇದ್ದಿಲ ಕೆಂಡದಲ್ಲಿಯೇ ಬೇಯಿಸಬೇಕು. ಅನಿಲದ ಒಲೆ ಅಗ್ಗ, ಇರುಳು ನಿದ್ದೆಗೆಡಿಸುವುದಿಲ್ಲ. ಅನೇಕರು ಅದಕ್ಕೆ ಒಲಿದಿದ್ದಾರೆ. ಅವರನ್ನು ಬಯ್ಯುವುದು ಸುಲಭ, ಅವರ ಲೆಕ್ಕದ ಪುಸ್ತಕ ನೋಡಿದವರು ಬಯ್ಯಲಾರರು. ಒಂಟಿ ಅಂಗಡಿಗೆ ಭಾರವಾದ ಈ ವ್ರತವನ್ನು ಹತ್ತು ಜನ ಕೂಡಿ ಹಿಡಿದರೆ ಅದೇ ಅವರ ಕೀರ್ತಿಯಾಗುತ್ತದೆ. ಕೂಡಿ ಮಾರುವುದೆಂದರೆ ಬೆಲೆಯಲ್ಲಿ ಒಂದಾಗುವುದಲ್ಲ, ಮರ್ಯಾದೆಯಲ್ಲಿ ಒಂದಾಗುವುದು.

2015ರಲ್ಲಿ ಲೆಕ್ಸಿಂಗ್ಟನ್ನಿನ ನಗರಸಭೆಯ ಕಟ್ಟಡವನ್ನು ರಿಪೇರಿ ಮಾಡುತ್ತಿದ್ದಾಗ ಗೋಡೆಯ ಹಿಂದೆ ಇಟ್ಟಿಗೆಯ ಹಳೆಯ ಬಾರ್ಬೆಕ್ಯೂ ಒಲೆ ಕಾಣಿಸಿಕೊಂಡಿತು. ಹಿಂದೆ ಅಲ್ಲೊಂದು ಅಂಗಡಿಯಿತ್ತು. ಅದು ಮುಚ್ಚಿದ ಮೇಲೆ ಸರ್ಕಾರಿ ಕಟ್ಟಡ ಅದನ್ನು ನುಂಗಿಕೊಂಡಿತ್ತು. ಶಾಸನ, ತಾಮ್ರಪಟಗಳನ್ನು ಚರಿತ್ರೆಯ ಆಧಾರವೆನ್ನುತ್ತೇವೆ. ಮಸಿ ಹಿಡಿದ ಆ ಇಟ್ಟಿಗೆಗಳೂ ಆಧಾರವೇ. ಒಂದು ಅಂಗಡಿ ಅಳಿದರೂ ಊರಿನ ಕಸುಬು ಉಳಿದದ್ದು, ಅದು ಒಬ್ಬನ ಸ್ವತ್ತಾಗದೆ ಹಲವರ ಕೈಯಲ್ಲಿದ್ದುದರಿಂದ.